ಟರ್ಬೊ ಕಾರಿನ ಬೋಲ್ಟು ಸಡಿಲಗೊಳ್ಳುವುದೇಕೆ?

ಟರ್ಬೊಚಾರ್ಜರ್ ಇರುವ ಕಾರುಗಳನ್ನು ರಿಪೇರಿ ಮಾಡುವವರಿಗೆ ಒಂದು ತಲೆನೋವು ಚಿರಪರಿಚಿತ. ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡಿಗೆ ಟರ್ಬೊವನ್ನು ಹಿಡಿದಿಡುವ ಬೋಲ್ಟುಗಳು, ಎಷ್ಟೇ ಬಿಗಿ ಮಾಡಿದರೂ, ಕಾಲಕ್ರಮೇಣ ಸಡಿಲಗೊಳ್ಳುವುದುಂಟು. ಮೊದಲು ಟಿಕ್ ಟಿಕ್ ಸದ್ದು, ಆಮೇಲೆ ಸುಟ್ಟ ಗ್ಯಾಸ್ಕೆಟ್ಟು. ಸೋರುವ ಅನಿಲದಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದರ ಶಾಖ ಪಕ್ಕದ ಎಣ್ಣೆ ಕೊಳವೆಗೋ ವಿದ್ಯುತ್ ತಂತಿಗೋ ತಗುಲಿದರೆ ಬೆಂಕಿಯ ಭಯ. "ಒಂದು ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ" ಎಂಬುದು ವರ್ಕ್‌ಶಾಪುಗಳಲ್ಲಿ ಇಂದಿಗೂ ಕೇಳಿಬರುವ ಸಲಹೆ. ಅದು ಏಕೆ ಫಲಿಸುವುದಿಲ್ಲ ಎಂದು ತಿಳಿಯಲು ತಂತ್ರಜ್ಞರಿಗೆ ಬಹಳ ಕಾಲ ಹಿಡಿಯಿತು.

ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪಿನ ಎಳೆಗಳಿಗೆ ಒಂದು ಸಾಮಾನ್ಯ ಅಳತೆಯನ್ನು ಸೂಚಿಸಿದ್ದು 1841ರಲ್ಲಿ. ತಿರುಪು ಎಂದರೆ ಸರಳಿನ ಸುತ್ತ ಸುತ್ತಿದ ಇಳಿಜಾರು. 10 ಮಿ.ಮೀ. ದಪ್ಪದ ಸಾಮಾನ್ಯ ಬೋಲ್ಟಿನಲ್ಲಿ ಈ ಇಳಿಜಾರು ಸುಮಾರು 3 ಡಿಗ್ರಿ ಮಾತ್ರ. ಉಕ್ಕಿನ ಮೇಲೆ ಉಕ್ಕು ತಾನಾಗಿಯೇ ಜಾರಬೇಕಾದರೆ ಇದರ ಎರಡು ಪಟ್ಟಿಗೂ ಹೆಚ್ಚಿನ ಇಳಿಜಾರು ಬೇಕು. ಅಂದಮೇಲೆ ಬಿಗಿ ಮಾಡಿದ ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದು. ಆದರೆ ರೈಲು ಹಳಿಗಳ ಮೇಲೂ ಯಂತ್ರಗಳಲ್ಲೂ ಅದು ಬಿಚ್ಚಿಕೊಳ್ಳುತ್ತಲೇ ಇತ್ತು. ಕಂಪನವೇ ಕಾರಣವೆಂದು ಎಲ್ಲರೂ ಹೇಳಿದರು. ಕಂಪನಕ್ಕೆ ಸ್ಪ್ರಿಂಗೇ ಮದ್ದು ಎಂದು ಸೀಳಿದ ಸುರುಳಿ ವಾಷರ್ ಬಳಕೆಗೆ ಬಂತು. ತರ್ಕವೇನೋ ಸರಿಯಾಗಿಯೇ ಕಾಣುತ್ತಿತ್ತು!

1945ರಲ್ಲಿ ಅಮೆರಿಕದ ಗುಡಿಯರ್ ಮತ್ತು ಸ್ವೀನಿ ಬೋಲ್ಟನ್ನು ಅದರ ಉದ್ದಕ್ಕೆ ಮತ್ತೆ ಮತ್ತೆ ಎಳೆದು ಬಿಟ್ಟು ಪರೀಕ್ಷಿಸಿದರು. ನಟ್ಟು ತಿರುಗಿತು, ಆದರೆ ಅತ್ಯಲ್ಪ. ನಿಜವಾದ ಉತ್ತರ ಸಿಕ್ಕಿದ್ದು 1969ರಲ್ಲಿ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಎರಡು ಫಲಕಗಳನ್ನು ಬೋಲ್ಟಿನಿಂದ ಬಂಧಿಸಿ, ಒಂದನ್ನು ಅಡ್ಡಡ್ಡ ಅಲುಗಾಡಿಸುವ ಯಂತ್ರ ಕಟ್ಟಿದರು. ಬೋಲ್ಟಿನಲ್ಲಿ ಉಳಿದಿರುವ ಬಿಗಿಬಲವನ್ನು ಆ ಯಂತ್ರ ಕ್ಷಣಕ್ಷಣವೂ ಅಳೆಯುತ್ತಿತ್ತು. ಫಲಕಗಳು ಪಕ್ಕಕ್ಕೆ ಜಾರತೊಡಗಿದರೆ, ಚೆನ್ನಾಗಿ ಬಿಗಿದ ಬೋಲ್ಟು ಕೂಡ ಕೆಲವು ನೂರು ಅಲುಗಾಟಗಳಲ್ಲಿ ಪೂರ್ತಿ ಸಡಿಲಗೊಳ್ಳುತ್ತಿತ್ತು.

ಬೆರಳಿಗೆ ಬಿಗಿಯಾದ ಉಂಗುರವನ್ನು ತೆಗೆಯುವಾಗ ನಾವು ಏನು ಮಾಡುತ್ತೇವೆ? ಅತ್ತಿತ್ತ ತಿರುಗಿಸುತ್ತಾ ಎಳೆಯುತ್ತೇವೆ. ಘರ್ಷಣೆ ಜಾರುವಿಕೆಯ ದಿಕ್ಕಿಗೆ ಎದುರಾಗಿ ಮಾತ್ರ ಕೆಲಸ ಮಾಡುತ್ತದೆ. ಒಂದು ದಿಕ್ಕಿನ ಚಲನೆಯನ್ನು ತಡೆಯುವುದರಲ್ಲಿ ಅದು ಖರ್ಚಾದರೆ ಇನ್ನೊಂದು ದಿಕ್ಕಿಗೆ ತಡೆಯೇ ಉಳಿಯುವುದಿಲ್ಲ. ಬೋಲ್ಟಿನ ಕಥೆಯೂ ಇದೇ. ಎಳೆಗಳು ಪಕ್ಕಕ್ಕೆ ಜಾರುವ ಕ್ಷಣದಲ್ಲಿ 3 ಡಿಗ್ರಿಯ ಇಳಿಜಾರೂ ಸಾಕು, ನಟ್ಟು ಸ್ವಲ್ಪ ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ನಟ್ಟನ್ನು ಹಿಡಿದಿಡುವುದು ಎರಡನೆಯ ಮಾತು. ಫಲಕಗಳು ಜಾರದಂತೆ ಬಿಗಿಬಲ ಉಳಿಸಿಕೊಳ್ಳುವುದು ಮೊದಲನೆಯದು. ಸ್ಪ್ರಿಂಗ್ ವಾಷರ್ ಆದರೋ ಪೂರ್ತಿ ಬಿಗಿದಾಗ ಚಪ್ಪಟೆಯಾಗಿ ಮಾಮೂಲಿ ವಾಷರೇ ಆಗಿಬಿಡುತ್ತದೆ. 1990ರಲ್ಲಿ ನಾಸಾ ಪ್ರಕಟಿಸಿದ ಬೋಲ್ಟುಗಳ ಕೈಪಿಡಿ ಇದನ್ನು ನೇರವಾಗಿಯೇ ಹೇಳಿತು. ಜರ್ಮನಿಯ ಮಾನಕ ಸಂಸ್ಥೆ ಆ ದಶಕದಲ್ಲಿ ಈ ವಾಷರಿನ ಮಾನಕವನ್ನೇ ಹಿಂತೆಗೆದುಕೊಂಡಿತು.

ಇನ್ನು ಟರ್ಬೊ. ಹೊರಹೋಗುವ ಅನಿಲದಿಂದ ಟರ್ಬೈನನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯುಖಿ 1905ರಲ್ಲಿ ಪೇಟೆಂಟ್ ಪಡೆದರು. ಮೊದಲು ಅದು ನೆಲೆಯೂರಿದ್ದು ಹಡಗಿನಂಥ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ. ಅವು ಗಂಟೆಗಟ್ಟಲೆ ಒಂದೇ ಹದದಲ್ಲಿ ಓಡುತ್ತವೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್‌ಗಳ ಮೂಲಕ ಟರ್ಬೊ ಕಾರಿಗೆ ಬಂತು. ಕಾರಿನ ಶಾಖಕ್ಕೆ ಸ್ಥಿರತೆಯಿಲ್ಲ. ಪೆಟ್ರೋಲ್ ಎಂಜಿನ್ನಿನ ಹೊರಹೋಗುವ ಅನಿಲ 900 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಸಂಜೆ ಮನೆ ಮುಂದೆ ನಿಲ್ಲಿಸಿದರೆ ಎಲ್ಲವೂ ತಣ್ಣಗೆ. ಪ್ರತಿ ಪ್ರಯಾಣವೂ ಬೋಲ್ಟಿಗೆ ಒಂದು ಕಾಯಿಸಿ ತಣಿಸುವ ಪರೀಕ್ಷೆ.

ಸ್ವಲ್ಪ ಲೆಕ್ಕ ಹಾಕೋಣ. ಬಿಗಿದ ಬೋಲ್ಟು ನಿಜವಾಗಿ ಹಿಗ್ಗಿಸಿದ ಒಂದು ಸ್ಪ್ರಿಂಗ್. 10 ಮಿ.ಮೀ. ದಪ್ಪದ ಫ್ಲ್ಯಾಂಜನ್ನು ಹಿಡಿದ ಉಕ್ಕಿನ ಬೋಲ್ಟು ಸಾಧಾರಣ ಬಿಗಿತದಲ್ಲಿ ಹಿಗ್ಗುವುದು 0.02 ಮಿ.ಮೀ. ಅಷ್ಟೆ. ಉಷ್ಣತೆ 600 ಡಿಗ್ರಿ ಏರಿದಾಗ, ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 13 ಪಾಲು ಹಿಗ್ಗುವ ಎರಕದ ಕಬ್ಬಿಣಕ್ಕೂ 18 ಪಾಲು ಹಿಗ್ಗುವ ಸ್ಟೇನ್‌ಲೆಸ್ ಬೋಲ್ಟಿಗೂ 0.03 ಮಿ.ಮೀ. ಅಂತರ ಬೀಳುತ್ತದೆ. ಬಿಗಿತವೆಲ್ಲ ಮಾಯ! ಫ್ಲ್ಯಾಂಜು ಸ್ಟೇನ್‌ಲೆಸ್, ಬೋಲ್ಟು ಸಾಧಾರಣ ಉಕ್ಕು ಎಂದಾದರೆ ಫ್ಲ್ಯಾಂಜೇ ಹೆಚ್ಚು ಹಿಗ್ಗಿ ಬೋಲ್ಟನ್ನು ಎಳೆಯುತ್ತದೆ. ಬಿಸಿಯಲ್ಲಿ ಮೆತ್ತಗಾದ ಬೋಲ್ಟು ಶಾಶ್ವತವಾಗಿ ಉದ್ದವಾಗಿ, ತಣಿದಾಗ ಸಡಿಲಾಗುತ್ತದೆ. ಅತ್ತ 300 ಮಿ.ಮೀ. ಉದ್ದದ ಎರಕದ ಮ್ಯಾನಿಫೋಲ್ಡು 2 ಮಿ.ಮೀ.ಗೂ ಮೀರಿ ಹಿಗ್ಗಿದರೆ, ನೀರಿನಿಂದ ತಣಿಯುವ ಸಿಲಿಂಡರ್ ತಲೆ ಅದರ ಕಾಲು ಭಾಗದಷ್ಟೂ ಹಿಗ್ಗದೆ ಇರಬಹುದು. ಯುಂಕರ್ ಯಂತ್ರದ ಅಡ್ಡ ಜಾರುವಿಕೆ ಎಂದರೆ ಇದೇ ತಾನೆ?

ಬೇರೆಡೆ ಚೆನ್ನಾಗಿ ನಡೆಯುವ ಉಪಾಯಗಳು ಇಲ್ಲಿ ಸೋಲುತ್ತವೆ. ನೈಲಾನ್ ಉಂಗುರದ ನಟ್ಟು ಸುಮಾರು 120 ಡಿಗ್ರಿಯವರೆಗೆ. ಅಮೆರಿಕದ ವೆರ್ನನ್ ಕ್ರೀಬಲ್ 1950ರ ದಶಕದಲ್ಲಿ ರೂಪಿಸಿದ, ಗಾಳಿ ಸಿಗದೆಡೆ ಗಟ್ಟಿಯಾಗುವ ಲಾಕ್‌ಟೈಟ್ ಅಂಟಿನ ಸಾಮಾನ್ಯ ಬಗೆಗಳು ಸುಮಾರು 150 ಡಿಗ್ರಿಯವರೆಗೆ. ಹೆಚ್ಚು ಸಾಮರ್ಥ್ಯದ ಸಾಧಾರಣ ಉಕ್ಕಿನ ಬೋಲ್ಟು ಕೂಡ ಅದನ್ನು ಹದ ಮಾಡಿದ ಉಷ್ಣತೆ ಮೀರಿದರೆ ಬಲ ಕಳೆದುಕೊಳ್ಳುತ್ತದೆ.

ಹಾಗಾಗಿ ಆಸರೆ ಲೋಹಗಳಲ್ಲಿ. ಅಮೆರಿಕದ ಹರ್ಬರ್ಟ್ ಐಸೆಲ್‌ಸ್ಟೈನ್ ರೂಪಿಸಿದ ಇಂಕೊನೆಲ್ 718 ಎಂಬ ನಿಕ್ಕಲ್ ಮಿಶ್ರಲೋಹ ಸುಮಾರು 650 ಡಿಗ್ರಿಯವರೆಗೂ ಬಲ ಉಳಿಸಿಕೊಳ್ಳುತ್ತದೆ. ಹಿಗ್ಗುವುದರಲ್ಲೂ ಎರಕದ ಕಬ್ಬಿಣಕ್ಕೆ ಹತ್ತಿರ. ಬೆಲೆ ದುಬಾರಿ, ನಿಜ. ನನಗೆ ಹೆಚ್ಚು ಹಿಡಿಸುವುದು ಅಗ್ಗದ ಇನ್ನೊಂದು ಉಪಾಯ. ಬೋಲ್ಟಿನ ತಲೆಯ ಕೆಳಗೆ ಅದೇ ಲೋಹದ 30 ಮಿ.ಮೀ. ಕೊಳವೆ ತೊಡಿಸಿ, ಉದ್ದನೆಯ ಬೋಲ್ಟು ಹಾಕುವುದು. ಆಗ ಬೋಲ್ಟಿನ ಹಿಗ್ಗುವಿಕೆ 0.08 ಮಿ.ಮೀ. ಆಗುತ್ತದೆ. ಕೊಳವೆ ಬೋಲ್ಟಿನೊಡನೆ ಸಮನಾಗಿ ಹಿಗ್ಗುವುದರಿಂದ ನಷ್ಟ ಅದೇ 0.03 ಮಿ.ಮೀ.ನಲ್ಲೇ ನಿಲ್ಲುತ್ತದೆ, ಅರ್ಧಕ್ಕಿಂತ ಹೆಚ್ಚು ಬಿಗಿತ ಉಳಿಯುತ್ತದೆ. ಇಷ್ಟಾದ ಮೇಲೆ, ತಿರುಗದಂತೆ ತಡೆಯಲು ಮಡಚುವ ತಗಡಿನ ನಾಲಿಗೆಯನ್ನೋ, ಸ್ವೀಡನ್ನಿನಲ್ಲಿ 1980ರ ದಶಕದಲ್ಲಿ ಹೊರಬಂದ ನಾರ್ಡ್-ಲಾಕ್ ಬೆಣೆ ವಾಷರುಗಳನ್ನೋ ಬಳಸಬಹುದು. ಈ ಜೋಡಿ ವಾಷರುಗಳ ನಡುವಿನ ಇಳಿಜಾರು ಎಳೆಯ ಇಳಿಜಾರಿಗಿಂತ ಹೆಚ್ಚು. ಬೋಲ್ಟು ಹಿಂದಕ್ಕೆ ತಿರುಗಹೊರಟರೆ ವಾಷರುಗಳು ಒಂದನ್ನೊಂದು ಏರಿ ಅದನ್ನು ಇನ್ನಷ್ಟು ಬಿಗಿಯುತ್ತವೆ.