ಹೆಬ್ಬಲಸಿನ ಹಡಗು, ಶೆಡ್ಡಿನ ಕಾರು

ಬರ್ಕಾದಲ್ಲಿ ನನ್ನ ಒಮಾನಿ ಸಹೋದ್ಯೋಗಿಯೊಬ್ಬರ ತೋಟದ ಮನೆಯಿದೆ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಮಗ ಮೂರು ವರ್ಷಗಳಿಂದ ಒಂದು ಕಾರು ಕಟ್ಟುತ್ತಿದ್ದಾನೆ. ಚಾಸಿಯನ್ನು ತಾನೇ ವೆಲ್ಡ್ ಮಾಡಿದ್ದಾನೆ. ಎಂಜಿನ್ ಒಂದು ಹಳೆಯ ಪಿಕಪ್ಪಿನದು, ಗೇರ್‌ಬಾಕ್ಸ್ ಇನ್ನೊಂದರದು, ಮೈಯ ತಗಡು ಸುತ್ತಿಗೆಯಿಂದ ಬಡಿದು ಬಾಗಿಸಿದ್ದು. ಮಡ್‌ಗಾರ್ಡ್ ಇಲ್ಲ, ಬಾನೆಟ್ ಇಲ್ಲ. ಅಮೆರಿಕದವರು ಇಂಥದಕ್ಕೆ ‘ಹಾಟ್ ರಾಡ್’ ಎನ್ನುತ್ತಾರೆ. "ಇದರ ನಕ್ಷೆ ಎಲ್ಲಿ?" ಎಂದು ಕೇಳಿದೆ. ಹುಡುಗ ನಕ್ಕು ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆ ತೋರಿಸಿದ. ಅದರ ತುಂಬ ಹಳೆಯ ಅಮೆರಿಕನ್ ಪತ್ರಿಕೆಗಳು. "ಎಲ್ಲ ಇದರಲ್ಲಿದೆ ಅಂಕಲ್. ಯಾರ್ಯಾರೋ ಬರೆದಿಟ್ಟಿದ್ದಾರೆ" ಎಂದ.

ಮನೆಗೆ ಬಂದರೂ ಆ ಮಾತು ತಲೆಯಿಂದ ಇಳಿಯಲಿಲ್ಲ. ನಾನು ಗಂಗೊಳ್ಳಿ ಕಡೆಯವನು. ನನ್ನ ದೊಡ್ಡಪ್ಪ ದೋಣಿ ಕಟ್ಟುವ ಕೆಲಸದವರು. ಅವರು ಹೋಗಿ ಇಪ್ಪತ್ತು ವರ್ಷವಾಯಿತು. ಅವರು ಬರೆದಿಟ್ಟ ಒಂದು ಸಾಲೂ ನಮ್ಮ ಮನೆಯಲ್ಲಿಲ್ಲ.

ಹಾಟ್ ರಾಡ್ ಹುಟ್ಟಿದ್ದು ಬಡ ಹುಡುಗರ ಕೈಯಲ್ಲಿ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ವಿ-8 ಎಂಜಿನ್ನಿನ ಕಾರು ತಂದಿತು. ಕೆಲವು ವರ್ಷ ಕಳೆದು ಅವು ಹಳೆಯ ಸಾಮಾನಿನ ಅಂಗಡಿಗೆ ಬಂದಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಕೊಂಡು, ಭಾರವಾದುದನ್ನೆಲ್ಲ ಕಿತ್ತೆಸೆದು, ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. 1937ರಲ್ಲಿ ಅವರ ಕ್ಲಬ್ಬುಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆಯೇ ಹೊರಬಂತು. ಅಲ್ಲಿಂದ ಮುಂದೆ ಒಬ್ಬನ ಶೆಡ್ಡಿನ ಗುಟ್ಟು ಊರಿನ ಎಲ್ಲರ ಶೆಡ್ಡಿಗೂ ತಲುಪಿತು. ಬರ್ಕಾದ ಹುಡುಗನಿಗೂ ತಲುಪಿದ್ದು ಹಾಗೆಯೇ.

ಒಮಾನಿನಲ್ಲಿ ಕಾರಿನ ಚರಿತ್ರೆ ಚಿಕ್ಕದು. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿದ್ದ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರ್ ಮಾತ್ರ. ಇವರ ಹೆದ್ದಾರಿ ಕಡಲು. ಇಲ್ಲಿಯ ಜನ ಮನೆ ಮುಂದಿನ ಮರಳಿನ ಮೇಲೆ ಸ್ವಂತ ಕೈಯಿಂದ ಕಟ್ಟಿಕೊಂಡ ವಾಹನ ಹಡಗು. ಅದರಲ್ಲೂ ಹಳೆಯದು ಹೊಲಿದ ಹಡಗು. ಹಲಗೆಯ ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಿಗಿದು ಹೊಲಿಯುತ್ತಿದ್ದರು. ಮೊಳೆಯ ಮಾತೇ ಇಲ್ಲ. ಮೊದಲು ಹೊರಮೈ, ಆಮೇಲೆ ಒಳಗಿನ ಪಕ್ಕೆಲುಬು. ಹೀಗಾಗಿ ಹಡಗಿನ ಆಕಾರ ಕಾಗದದ ಮೇಲಿರಲಿಲ್ಲ, ಆಚಾರಿಯ ಕಣ್ಣಿನಲ್ಲಿತ್ತು. 13ನೇ ಶತಮಾನದಲ್ಲಿ ಹೊರ್ಮುಜ್‌ನಲ್ಲಿ ಇಂಥ ಹಡಗು ಕಂಡ ಮಾರ್ಕೊ ಪೋಲೊ ಇದರಲ್ಲಿ ಪ್ರಯಾಣ ಅಪಾಯವೆಂದು ಬರೆದ. ಆದರೆ ಅವನಿಗಿಂತ ನಾಲ್ಕು ಶತಮಾನ ಮೊದಲೇ ಇಂಥ ಹಡಗುಗಳು ಚೀನಾ ಮುಟ್ಟಿ ಬರುತ್ತಿದ್ದವು.

ಐರ್ಲೆಂಡಿನಲ್ಲಿ ನೆಲೆಸಿದ್ದ ಸಾಹಸಿ ಲೇಖಕ ಟಿಮ್ ಸೆವೆರಿನ್ ಅಂಥದೊಂದನ್ನು ಮತ್ತೆ ಕಟ್ಟಲು ಹೊರಟು 1980ರಲ್ಲಿ ಸೂರ್ ಪಟ್ಟಣಕ್ಕೆ ಬಂದರು. ಸೂರ್ ಹಡಗು ಕಟ್ಟುವವರ ಊರು. ಆದರೆ ಅಲ್ಲಿಯ ಆಚಾರಿಗಳು ಮೊಳೆಯ ಕೆಲಸಕ್ಕೆ ಹೊರಳಿ ತಲೆಮಾರುಗಳೇ ಕಳೆದಿದ್ದವು. ಹೊಲಿಗೆ ಬಲ್ಲವರನ್ನು ಲಕ್ಷದ್ವೀಪದಿಂದ ಕರೆತರಬೇಕಾಯಿತು. ಮರ ಮಲಬಾರಿನಿಂದ ಬಂತು. ಅಲ್ಲಿಯವರು ಅದನ್ನು ‘ಐನಿ’ ಎನ್ನುತ್ತಾರೆ. ಬಹಳ ವರ್ಷ ಆ ಹೆಸರು ನನಗೆ ಏನೂ ಹೇಳಿರಲಿಲ್ಲ. ಐನಿ ಎಂದರೆ ನಮ್ಮ ಹೆಬ್ಬಲಸು ಎಂದು ಗೊತ್ತಾದ ದಿನ ನಾನು ಒಬ್ಬನೇ ನಕ್ಕೆ. ಮಳೆಗಾಲದಲ್ಲಿ ಅದರ ಬೀಜ ಹುರಿದು ತಿಂದವರು ನಾವು, ದೊಡ್ಡಪ್ಪ ದೋಣಿಗೆ ಹುಡುಕಿಕೊಂಡು ಹೋಗುತ್ತಿದ್ದುದೂ ಅದೇ ಮರವನ್ನು.

‘ಸೊಹಾರ್’ ಎಂಬ ಹೆಸರಿನ ಆ ಹಡಗು 1980ರ ನವೆಂಬರಿನಲ್ಲಿ ಮಸ್ಕತ್ ಬಿಟ್ಟು 1981ರ ಜುಲೈನಲ್ಲಿ ಚೀನಾದ ಗ್ವಾಂಗ್‌ಝೌ ಸೇರಿತು. ಈಗ ಅದು ಅಲ್ ಬುಸ್ತಾನ್ ವೃತ್ತದ ನಡುವೆ ನಿಂತಿದೆ. ವಾರಕ್ಕೆರಡು ಸಲ ಅದನ್ನು ಸುತ್ತಿಕೊಂಡೇ ನನ್ನ ಕಾರು ಹೋಗುತ್ತದೆ. ಮುಂದೆ ಮಸ್ಕತ್ ಬಳಿಯ ಕಂತಾಬ್‌ನಲ್ಲಿ ‘ಜ್ಯುವೆಲ್ ಆಫ್ ಮಸ್ಕತ್’ ಎಂಬ 18 ಮೀಟರ್ ಉದ್ದದ ಇನ್ನೊಂದು ಹೊಲಿದ ಹಡಗು ಕಟ್ಟಿದರು. ಅದಕ್ಕೆ ಮಾದರಿ 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ ಸಿಕ್ಕ 9ನೇ ಶತಮಾನದ ಹಡಗಿನ ಅವಶೇಷ. 2010ರಲ್ಲಿ ಅದು ಸಿಂಗಾಪುರ ತಲುಪಿತು.

ಕೊನೆಯ ಕೊಂಡಿ ನಮ್ಮ ಕಡೆಯದು. ಅಜಂತಾ ಗುಹೆಯ ಚಿತ್ರವೊಂದನ್ನು ನೋಡಿ, ಕೇರಳದ ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಗೋವಾದಲ್ಲಿ ಹೊಲಿದ ‘ಕೌಂಡಿನ್ಯ’ ಹಡಗನ್ನು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿದರು. ನಕ್ಷೆ ಯಾವುದೂ ಉಳಿದಿರಲಿಲ್ಲವಾದ್ದರಿಂದ ಐಐಟಿ ಮದ್ರಾಸಿನವರು ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಬೇಕಾಯಿತು. ಅದೇ ಡಿಸೆಂಬರಿನ ಕೊನೆಗೆ ಪೋರಬಂದರ್‌ನಿಂದ ಹೊರಟ ಕೌಂಡಿನ್ಯ 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಹೆಮ್ಮೆಪಡುವ ಸಂಗತಿಯೇ. ಆದರೂ ಒಂದು ಲೆಕ್ಕ ಮನಸ್ಸನ್ನು ಚುಚ್ಚುತ್ತದೆ. ಕೆರೆಯಂಗಳದ ಹುಡುಗರ ವಿದ್ಯೆಗೆ ನೂರು ವರ್ಷವೂ ತುಂಬಿಲ್ಲ, ಅದು ಬರ್ಕಾದ ಶೆಡ್ಡಿನವರೆಗೆ ಬಂದಿದೆ. ಸಾವಿರಾರು ವರ್ಷ ಕಡಲು ದಾಟಿಸಿದ ವಿದ್ಯೆಯನ್ನು ಗೋಡೆಯ ಚಿತ್ರದಿಂದ, ಮುಳುಗಿದ ಹಡಗಿನಿಂದ ಊಹಿಸಿ ಎತ್ತಬೇಕಾಯಿತು. ಆಚಾರಿ ಮಗನಿಗೆ ಕೈ ಹಿಡಿದು ಕಲಿಸುವವರೆಗೆ ಬರೆಯುವ ಅಗತ್ಯ ಇರಲಿಲ್ಲ. ಮಗ ಬೇರೆ ಕೆಲಸಕ್ಕೆ ಹೋದ ದಿನ ಎಲ್ಲ ಮುಗಿಯಿತು. ನಮ್ಮ ಮನೆಯಲ್ಲಿ ಹಾಗೆ ಹೋದವನು ನಾನು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. "ರಜೆಯಲ್ಲಾದರೂ ಬಂದು ನೋಡಿಕೋ ಮಗಾ" ಎನ್ನುತ್ತಿದ್ದರು. ನಾನು ಲೆಕ್ಕಪತ್ರ ಕಲಿತು ಮಸ್ಕತ್ತಿನ ವಿಮಾನ ಹತ್ತಿದೆ.

ಅವರ ಅಳತೆಕೋಲು ಈಗಲೂ ಊರಿನ ಮನೆಯ ಅಟ್ಟದಲ್ಲಿದೆ. ಅದರ ಮೇಲೆ ಉದ್ದಕ್ಕೂ ಕಚ್ಚುಗಳು. ಯಾವ ಕಚ್ಚು ಯಾವ ಹಲಗೆಯದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ಅವರ ಜೊತೆ ಕೆಲಸಕ್ಕಿದ್ದ ಒಬ್ಬರು ಇನ್ನೂ ಇದ್ದಾರೆ, ಎಂಬತ್ತು ದಾಟಿದೆ, ಕಣ್ಣು ಮಂಜು. ಮೊನ್ನೆ ಫೋನು ಮಾಡಿದೆ. "ಕೋಲು ಕೈಗೆ ಕೊಟ್ಟರೆ ಮುಟ್ಟಿ ಹೇಳ್ತೇನೆ" ಎಂದರು.

ಈ ಸಲದ ರಜೆಗೆ ಒಂದು ಖಾಲಿ ನೋಟ್‌ಬುಕ್ ತೆಗೆದಿಟ್ಟಿದ್ದೇನೆ.