ಚೆಂಡು ಎಸೆಯುವ ಕೈ

ಹಳೇ ಹುಬ್ಬಳ್ಳಿಯ ಯಾವ ಬಯಲಿಗಾದರೂ ಸಂಜೆ ಹೋಗಿ ನಿಂತರೆ ಕ್ರಿಕೆಟ್ ಆಡುವ ಹುಡುಗರು ಕಾಣುತ್ತಾರೆ. ಪ್ರತಿ ಗುಂಪಿನಲ್ಲಿಯೂ ಒಬ್ಬನಿರುತ್ತಾನೆ. ಅವನ ಪಾಲಿಗೆ ಬ್ಯಾಟು ಬರುವುದು ಕಡಿಮೆ. ಉಳಿದವರ ಕೈ ಕುದುರಲೆಂದು ಆತ ಚೆಂಡು ಎಸೆಯುತ್ತಲೇ ಇರುತ್ತಾನೆ. ಕತ್ತಲಾಗಿ ಮನೆಗೆ ಹೊರಟಾಗ ಯಾರು ಎಷ್ಟು ರನ್ನು ಹೊಡೆದರೆಂಬ ಮಾತೇ ಹೊರತು, ಯಾರು ಎಷ್ಟು ಚೆಂಡು ಎಸೆದರೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಆಟದ ಇತಿಹಾಸ ಬರೆದವರೂ ಬಹುಮಟ್ಟಿಗೆ ಈ ಹುಡುಗರಂತೆಯೇ ನಡೆದುಕೊಂಡಿದ್ದಾರೆ.

ಹೀಗೆ ಎಸೆದ ಕೈಗಳಲ್ಲಿ ಮೊದಲು ನೆನೆಯಬೇಕಾದದ್ದು ನಮ್ಮ ಸೀಮೆಯದೇ ಒಂದು ಕೈ. 1876ರಲ್ಲಿ ಧಾರವಾಡದಲ್ಲಿ ಜನಿಸಿದ ಪಾಲವಣಕರ ಬಾಳೂ ದಲಿತ ಮನೆತನದವರು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನ ಮೈದಾನ ಸಮ ಮಾಡುವುದು, ಬಲೆ ಕಟ್ಟುವುದು ಅವರ ಕೆಲಸ. ಸಂಬಳ ತಿಂಗಳಿಗೆ ನಾಲ್ಕು ರೂಪಾಯಿ. ಗ್ರೆಗ್ ಎಂಬ ಅಧಿಕಾರಿಗೆ ಅವರು ಗಂಟೆಗಟ್ಟಲೆ ಬೌಲ್ ಮಾಡಿದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಸಾಹೇಬ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯೂ ಉಂಟು. ಬ್ಯಾಟು ಹಿಡಿಯುವ ಅವಕಾಶ ಮಾತ್ರ ಆ ಬಲೆಯೊಳಗೆ ದುರ್ಲಭವಾಗಿತ್ತು. ಮುಂದೆ ಹಿಂದೂ ತಂಡಕ್ಕೆ ಆಡುವಾಗಲೂ ಅವರಿಗೆ ಚಹ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದು ಬಂದರೂ ನಾಯಕತ್ವ ಒದಗಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲನಿಗೆ ಬಂದಿತು.

ಎಷ್ಟೋ ವರ್ಷಗಳ ತರುವಾಯ, ಕುಮಟೆಯ ಒಬ್ಬ ತರುಣ ಇದೇ ಆಟದ ಹುಚ್ಚಿನಿಂದ ಹುಬ್ಬಳ್ಳಿಗೆ ಬಂದರು. ಹೆಸರು ರಾಘವೇಂದ್ರ ದಿವಗಿ. ಕೈಯಲ್ಲಿದ್ದದ್ದು ಇಪ್ಪತ್ತೊಂದು ರೂಪಾಯಿ. ಬಸ್ ನಿಲ್ದಾಣದಲ್ಲಿ, ಗುಡಿಯಲ್ಲಿ, ಕೊನೆಗೆ ಸ್ಮಶಾನದ ಪಾಳು ಕಟ್ಟಡದಲ್ಲಿ ರಾತ್ರಿಗಳನ್ನು ಕಳೆದರು. ಕೈಗೆ ಪೆಟ್ಟಾಗಿ ಆಟಗಾರನಾಗುವ ಆಸೆ ಕೈಬಿಟ್ಟಿತು—ಹೀಗೆಂದು 2024ರಲ್ಲಿ ಪತ್ರಿಕೆಗಳು ಬರೆದವು. ಆಡುವ ಹಾದಿ ಮುಚ್ಚಿದರೂ ಆಡುವವರಿಗೆ ನೆರವಾಗುವ ಹಾದಿ ತೆರೆದಿತ್ತು. ಬೆಂಗಳೂರಿನ ಅಭ್ಯಾಸದ ಬಲೆಗಳನ್ನು ದಾಟಿ ಅವರು 2011ರಲ್ಲಿ ಭಾರತ ತಂಡದ ತರಬೇತಿ ಸಹಾಯಕರಾದರು.

ಅವರ ಆಯುಧ ಉದ್ದ ಹಿಡಿಕೆಯ ಒಂದು ಕೋಲು. ತುದಿಯಲ್ಲಿ ಚೆಂಡು ಕೂರುವ ಬಟ್ಟಲು. ತೋಳನ್ನೇ ಉದ್ದ ಮಾಡಿದಂತಾಗಿ ಚೆಂಡಿಗೆ ಅಪಾರ ವೇಗ ಬರುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಬ್ಯಾಟುಗಾರನನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಅಷ್ಟರೊಳಗೆ ನೋಡಬೇಕು, ನಿರ್ಧರಿಸಬೇಕು, ಆಡಬೇಕು. ಓಡಿಬಂದು ಎಸೆಯುವ ಬೌಲರು ಬೇಗ ದಣಿಯುತ್ತಾನೆ. ಕೋಲು ಹಿಡಿದವನು ಇದನ್ನೇ ನೂರಾರು ಸಲ ಒದಗಿಸಬಲ್ಲ. 2013ರಿಂದೀಚೆಗೆ ತಂಡವು ವೇಗದ ಬೌಲಿಂಗನ್ನು ಎದುರಿಸುವುದರಲ್ಲಿ ಕಂಡ ಸುಧಾರಣೆಗೆ ರಘು ಅವರೇ ಕಾರಣವೆಂದು ವಿರಾಟ್ ಕೊಹ್ಲಿ 2020ರಲ್ಲಿ ಹೇಳಿದರು. ಅವರ ಚೆಂಡನ್ನು ಆಡಿ ಪಂದ್ಯಕ್ಕಿಳಿದರೆ ಕೈಯಲ್ಲಿ ಬೇಕಾದಷ್ಟು ಸಮಯವಿದ್ದಂತೆ ತೋರುತ್ತದೆಂಬುದು ಅವರ ಅನುಭವ.

2022ರ ನವೆಂಬರಿನಲ್ಲಿ ಅಡಿಲೇಡಿನಲ್ಲಿ ಬಾಂಗ್ಲಾದೇಶದೊಡನೆ ಪಂದ್ಯ. ಮಳೆ ಬಂದು ನೆಲ ಒದ್ದೆಯಾಗಿತ್ತು. ರಾಘವೇಂದ್ರ ಬ್ರಷ್ ಹಿಡಿದು ಗಡಿಗೆರೆಯ ಸುತ್ತ ಓಡಾಡುತ್ತ ಆಟಗಾರರ ಬೂಟುಗಳ ಅಡಿಗೆ ಮೆತ್ತಿದ ಕೆಸರನ್ನು ತೆಗೆಯುತ್ತಿದ್ದರು. ಜಾರಿ ಬೀಳಬಾರದೆಂಬುದಷ್ಟೇ ಉದ್ದೇಶ. ಭಾರತ ಐದು ರನ್ನುಗಳಿಂದ ಗೆದ್ದಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಏಳು ರನ್ನುಗಳಿಂದ ವಿಶ್ವಕಪ್ ಬಂದಾಗಲೂ ಅವರು ತಂಡದೊಡನಿದ್ದರು.

ಇಬ್ಬರ ಕಷ್ಟವೂ ಒಂದೇ ಎನ್ನಲಾಗದು. ಬಾಳೂ ಅವರನ್ನು ತಡೆದದ್ದು ಜಾತಿ. ರಾಘವೇಂದ್ರರನ್ನು ತಡೆದದ್ದು ಬಡತನ ಮತ್ತು ಪೆಟ್ಟು. ಬಾಳೂ ಅವರ ಕೈಗೆ ಕೊನೆಗೊಂದು ಪಂದ್ಯವಾದರೂ ಸಿಕ್ಕಿತು, ವಿಕೆಟ್ಟುಗಳ ಲೆಕ್ಕ ಉಳಿಯಿತು. ರಾಘವೇಂದ್ರರ ದುಡಿಮೆಯೆಲ್ಲ ಇನ್ನೊಬ್ಬರ ಖಾತೆಗೆ ಜಮಾ ಆಗಿದೆ. ಎಂಟಾಣೆಯ ಇನಾಮಿನ ಕಾಲ ಹೋಯಿತು. ಕೆಲಸಕ್ಕೊಂದು ಹೆಸರು ಬಂದಿದೆ. ಅಂಕಪಟ್ಟಿಯಲ್ಲಿ ಮಾತ್ರ ಅದಕ್ಕೆ ಇನ್ನೂ ಸ್ಥಳವಿಲ್ಲ.

ಅಂಕಪಟ್ಟಿ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ನಾಳೆ ಸಂಜೆ ಆ ಬಯಲಿನ ಹುಡುಗರು, ದಿನವೂ ಚೆಂಡು ಎಸೆಯುವವನ ಕೈಗೆ ಮೊದಲು ಬ್ಯಾಟು ಕೊಡಬಹುದಲ್ಲ.