ಹದವರಿತ ಕಾವು

ಲೋಹದ ಎರಡು ತುಣುಕುಗಳನ್ನು, ಅವೆರಡಕ್ಕಿಂತಲೂ ಬೇಗ ಕರಗುವ ಮೂರನೆಯ ಲೋಹವೊಂದರಿಂದ ಕೂಡಿಸುವ ವಿದ್ಯೆ ಅತಿ ಪ್ರಾಚೀನವಾದುದು. ಎರಡು ಪಾಲು ಸೀಸಕ್ಕೆ ಒಂದು ಪಾಲು ತವರವನ್ನು ಬೆರಸಿ ಕೊಳವೆಗಳನ್ನು ಬೆಸೆಯುತ್ತಿದ್ದ ಪದ್ಧತಿಯನ್ನು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿಯೇ ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ನಮ್ಮ ಅಕ್ಕಸಾಲಿಗನು ಬಿಳಿಗಾರವನ್ನು ಸವರಿ ಊದುಗೊಳವೆಯಿಂದ ಉರಿಯನ್ನು ಆಭರಣದ ಸಂದಿಗೆ ಹಾಯಿಸುವಾಗಲೂ, ಕಲಾಯಿಯವನು ಕಾದ ಪಾತ್ರೆಗೆ ನವಸಾಗರವನ್ನು ಉದುರಿಸಿ ತವರವನ್ನು ಅರಳೆಯಿಂದ ತಿಕ್ಕುವಾಗಲೂ ನಡೆಯುವುದು ಇದೇ ಕುಲದ ಕಾರ್ಯ: ಲೋಹದ ಮೈಮೇಲಿನ ಕಿಲುಬನ್ನು ಕಳೆದು, ಅದು ಮತ್ತೆ ಕಟ್ಟುವುದಕ್ಕೆ ಮುನ್ನ ಕರಗಿದ ಲೋಹವನ್ನು ಅಲ್ಲಿ ಹರಿಯಿಸುವುದು. ಈ ಎಲ್ಲ ವೃತ್ತಿಗಳಲ್ಲಿಯೂ ಕಾವು ಸಾಕಾಯಿತೋ ಹೆಚ್ಚಾಯಿತೋ ಎಂಬುದನ್ನು ನಿರ್ಣಯಿಸುತ್ತಿದ್ದುದು ಕಸುಬುದಾರನ ಕಣ್ಣು. ಮನೆಯ ಮೇಜಿನ ಮೇಲೆ ಇಲೆಕ್ಟ್ರಾನಿಕ್ಸ್ ಪ್ರಯೋಗಶಾಲೆಯನ್ನು ಕಟ್ಟಿಕೊಳ್ಳುವ ಹವ್ಯಾಸಿಗೆ ಇಂದು ದೊರೆಯುವ ಸೋಲ್ಡರಿಂಗ್ ಸ್ಟೇಷನ್ನಿನ, ಎಂದರೆ ಕಾವನ್ನು ನಿಯಂತ್ರಿಸುವ ಪೆಟ್ಟಿಗೆಗೆ ಜೋಡಿಸಿದ ಬೆಸುಗೆಯ ಐರನ್ನಿನ, ಇತಿಹಾಸವೆಂದರೆ, ಆ ಕಣ್ಣಿನ ಜ್ಞಾನವು ಕ್ರಮಕ್ರಮವಾಗಿ ಉಪಕರಣದ ತುದಿಗೇ ಇಳಿದುಬಂದ ಇತಿಹಾಸ. ಬಹುಕಾಲ ದೊಡ್ಡ ಕಾರ್ಖಾನೆಗಳ ಸ್ವತ್ತಾಗಿದ್ದ ಆ ಉಪಕರಣವು ವಿದ್ಯಾರ್ಥಿಯ ಅಳವಿಗೆ ಎಟುಕುವಂತಾದ ಇತಿಹಾಸವೂ ಹೌದು.

ಹಳೆಯ ಕಾಲದ ಸೋಲ್ಡರಿಂಗ್ ಐರನ್ ತಾಮ್ರದ ಗಟ್ಟಿಯೊಂದಕ್ಕೆ ಕಬ್ಬಿಣದ ಕಂಬಿಯನ್ನೂ ಮರದ ಹಿಡಿಯನ್ನೂ ಜೋಡಿಸಿದ ಸರಳ ಸಾಧನವಾಗಿದ್ದಿತು. ಅದನ್ನು ಕೆಂಡದಲ್ಲಿ ಕಾಯಿಸಿ ಆರುವುದರೊಳಗೆ ಕೆಲಸವನ್ನು ಮುಗಿಸಬೇಕಾಗಿದ್ದುದರಿಂದ, ಒಂದು ಒಲೆಯಲ್ಲಿರುವಾಗ ಮತ್ತೊಂದನ್ನು ಕೈಯಲ್ಲಿ ಹಿಡಿಯುವುದು ವಾಡಿಕೆಯಾಗಿದ್ದಿತು. ವಿದ್ಯುತ್ತಿನ ಪ್ರವೇಶದಿಂದ ಒಲೆ ಹೋಯಿತು. 1921ರಲ್ಲಿ ಬರ್ಲಿನ್ನಿನ ಎರ್ನ್ಸ್ಟ್ ಸಾಕ್ಸ್ ಎಂಬಾತನು ಸುತ್ತಿಗೆಯಾಕಾರದ ವಿದ್ಯುತ್ ಐರನ್ನಿಗೆ ಪೇಟೆಂಟ್ ಪಡೆದು, ಇಂದಿಗೂ ಹೆಸರುವಾಸಿಯಾಗಿರುವ ಎರ್ಸಾ ಸಂಸ್ಥೆಯನ್ನು ಸ್ಥಾಪಿಸಿದನು. ಆದರೆ ಒಲೆ ಹೋದರೂ ಕಣ್ಣಿನ ಹೊಣೆ ತಪ್ಪಲಿಲ್ಲ. ತಂತಿಯ ಸುರುಳಿಯಿಂದ ಬರುವ ಶಾಖವೂ ಸುತ್ತಲಿನ ಗಾಳಿಗೆ ಹೋಗುವ ಶಾಖವೂ ಸಮವಾಗುವವರೆಗೆ ಐರನ್ ಕಾಯುತ್ತಲೇ ಹೋಗುತ್ತಿದ್ದಿತು. ಸುಮ್ಮನೆ ಸ್ಟ್ಯಾಂಡಿನ ಮೇಲಿದ್ದರೆ ಅತಿಯಾಗಿ ಕಾದು ತುದಿ ಕಪ್ಪಾಗುವುದು, ದಪ್ಪ ಲೋಹಕ್ಕೆ ಮುಟ್ಟಿಸಿದರೆ ತಣ್ಣಗಾಗಿ ಬೆಸುಗೆ ಕೂರದೆ ಹೋಗುವುದು.

ವಾಲ್ವಿನ ರೇಡಿಯೋಗಳ ಕಾಲದಲ್ಲಿ ಈ ದೋಷ ಅಷ್ಟಾಗಿ ಬಾಧಿಸಲಿಲ್ಲ. ತಗಡಿನ ಚಾಸಿಸ್ಸು, ದಪ್ಪ ತಂತಿ, ಅಗಲವಾದ ಟ್ಯಾಗುಗಳು ಎಲ್ಲವೂ ಧಾರಾಳವಾದ ಕಾವನ್ನು ಬೇಡುವಂಥವು, ಸಹಿಸುವಂಥವು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವಾಟಿನ ಪ್ರೇಷಕವನ್ನು ನೆಲೆಗೊಳಿಸಿ ಆಕಾಶವಾಣಿಯನ್ನು ಆರಂಭಿಸಿದುದು ಆ ಕಾಲದಲ್ಲಿಯೇ. ಗೃಹವೇ ಪ್ರಯೋಗಶಾಲೆಯಾಗಬಹುದೆಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಶ್ರೇಷ್ಠವಾದ ನಿದರ್ಶನವನ್ನು ನಾನರಿಯೆ. ಆ ಯುಗದ ಕೆಲಸಗಾರನನ್ನು ಕಾಡಿದುದು ಕಾವಿನ ನಿಯಂತ್ರಣಕ್ಕಿಂತ ಕಾಯುವಿಕೆಯ ವಿಳಂಬ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಕಾರ್ಲ್ ವೆಲ್ಲರ್ ಎಂಬಾತನು ಇದರಿಂದ ಬೇಸತ್ತು, ಟ್ರಾನ್ಸ್‌ಫಾರ್ಮರಿನ ಮೂಲಕ ತಾಮ್ರದ ತುದಿಯೊಳಕ್ಕೇ ಪ್ರಬಲವಾದ ಪ್ರವಾಹವನ್ನು ಹಾಯಿಸಿ, ಕುದುರೆಯನ್ನು ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಕಾಯುವ ಪಿಸ್ತೂಲಿನಾಕಾರದ ಗನ್ನನ್ನು ರಚಿಸಿದನು. 1941ರಲ್ಲಿ ಸಲ್ಲಿಸಿದ ಅರ್ಜಿಗೆ 1946ರಲ್ಲಿ ಪೇಟೆಂಟ್ ದೊರೆಯಿತು.

ಅಷ್ಟರಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಯಿತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜನಿಸಿದ ಟ್ರಾನ್ಸಿಸ್ಟರು ವಾಲ್ವಿನಂತೆ ಬೆಂಕಿಯ ಮಗುವಲ್ಲ. ಮೊದಮೊದಲಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಕುದಿಯುವ ನೀರಿನ ಬಿಸಿಯನ್ನೂ ತಾಳಲಾರದಷ್ಟು ಸುಕುಮಾರವಾಗಿದ್ದುವು. ಬೆಸುಗೆ ಹಾಕುವಾಗ ಅವುಗಳ ಕಾಲನ್ನು ಇಕ್ಕಳದಿಂದ ಹಿಡಿದು, ಶಾಖವು ಒಳಗೆ ನುಗ್ಗದೆ ಇಕ್ಕಳಕ್ಕೆ ಹರಿಯುವಂತೆ ಮಾಡಬೇಕೆಂಬುದು ಆ ಕಾಲದ ಹವ್ಯಾಸಿಗಳು ಕಲಿಯುತ್ತಿದ್ದ ಮೊದಲ ಪಾಠ. ಮುಂದೆ ತೆಳುವಾದ ತಾಮ್ರದ ಗೆರೆಗಳನ್ನು ಅಂಟಿಸಿದ ಮುದ್ರಿತ ಫಲಕಗಳು ಬಂದಾಗ, ಹೆಚ್ಚು ಕಾದ ಐರನ್ ಆ ಗೆರೆಗಳನ್ನೇ ಫಲಕದಿಂದ ಎಬ್ಬಿಸತೊಡಗಿತು. ಕಾವು ಬೇಕು, ಆದರೆ ಮಿತವಾದ ಕಾವು ಬೇಕು. ಆ ಮಿತಿಯನ್ನು ಕಾಯುವವರಾರು?

ಇದಕ್ಕೆ ಅದೇ ವೆಲ್ಲರನ ಹೆಸರಿನ ಸಂಸ್ಥೆ ಕಂಡುಕೊಂಡ ಉತ್ತರ, ಈ ಇತಿಹಾಸದಲ್ಲೆಲ್ಲ ನನ್ನ ಮನಸ್ಸನ್ನು ಅತ್ಯಂತ ಸೆಳೆದಿರುವ ಪ್ರಕರಣ. ಅಯಸ್ಕಾಂತಕ್ಕೆ ಅಂಟುವ ಪ್ರತಿಯೊಂದು ಲೋಹವೂ ನಿರ್ದಿಷ್ಟವಾದ ಉಷ್ಣತೆಯನ್ನು ಮುಟ್ಟಿದೊಡನೆ ಆ ಗುಣವನ್ನು ಕಳೆದುಕೊಳ್ಳುವುದೆಂಬುದನ್ನು ಫ್ರಾನ್ಸಿನ ಪಿಯರ್ ಕ್ಯೂರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಶದವಾಗಿ ಅಭ್ಯಸಿಸಿದ್ದನು. ಅಂಥ ಮಿಶ್ರಲೋಹದ ತುಣುಕೊಂದನ್ನು ಐರನ್ನಿನ ತುದಿಯ, ಎಂದರೆ ಟಿಪ್ಪಿನ, ಹಿಂಬದಿಗೆ ಬೆಸೆದು, ಹಿಡಿಯೊಳಗೆ ಒಂದು ಅಯಸ್ಕಾಂತವನ್ನೂ ಸ್ಪ್ರಿಂಗನ್ನೂ ಸ್ವಿಚ್ಚನ್ನೂ ಇರಿಸಿದರೆ, ಟಿಪ್ ತಣ್ಣಗಿರುವಾಗ ಅಯಸ್ಕಾಂತವು ಅದಕ್ಕೆ ಆಕರ್ಷಿತವಾಗಿ ಸ್ವಿಚ್ಚು ಕೂಡುವುದು, ವಿದ್ಯುತ್ತು ಹರಿಯುವುದು. ನಿಯತವಾದ ಕಾವು ಬಂದೊಡನೆ ಆಕರ್ಷಣೆ ಅಳಿದು, ಸ್ಪ್ರಿಂಗು ಅಯಸ್ಕಾಂತವನ್ನು ಹಿಂದಕ್ಕೆಳೆದು, ವಿದ್ಯುತ್ತು ನಿಲ್ಲುವುದು. ಸಂಖ್ಯೆಗಳನ್ನು ತೋರುವ ಫಲಕವಿಲ್ಲ, ತಿರುಗಿಸುವ ಗುಂಡಿಯಿಲ್ಲ. ಟಿಪ್ಪಿನ ಬುಡದಲ್ಲಿ 7 ಎಂದು ಕೊರೆದಿದ್ದರೆ ಅದು 370 ಡಿಗ್ರಿ ಸೆಲ್ಸಿಯಸ್ ಕಾವನ್ನೂ, 8 ಎಂದಿದ್ದರೆ 425 ಡಿಗ್ರಿಯನ್ನೂ ತಾನಾಗಿಯೇ ಕಾಯ್ದುಕೊಳ್ಳುವುದು. ಮ್ಯಾಗ್ನಾಸ್ಟಾಟ್ ಎಂಬ ಹೆಸರಿನ ಈ ವ್ಯವಸ್ಥೆಯಲ್ಲಿ ಪ್ರಕೃತಿಯ ನಿಯಮವೇ ಕಾವಲುಗಾರನಾಗಿ ನಿಂತಿದೆ. ಕಾರ್ಖಾನೆಗಳಲ್ಲಿ ದೀರ್ಘಕಾಲ ದುಡಿದು, ಆಮೇಲೆ ಹರಾಜಿನಲ್ಲಿ ಹವ್ಯಾಸಿಗಳ ಪಾಲಿಗೆ ಬಂದು, ಅಲ್ಲಿಯೂ ಮತ್ತೆ ದುಡಿದ ಐರನ್ನುಗಳಿವು.

ಹರಾಜಿನ ಸರಕು ಎಂಬುದು ಹವ್ಯಾಸಿಯ ಇತಿಹಾಸದಲ್ಲಿ ಸಣ್ಣ ಮಾತಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಗಳ ಉಗ್ರಾಣಗಳಲ್ಲಿ ಉಳಿದ ಬಿಡಿಭಾಗಗಳು ಪೇಟೆಗೆ ಹರಿದುಬಂದುವು. ಅಂಥ ಉಳಿಕೆಯ ಸರಕನ್ನು ಆಧಾರ ಮಾಡಿಕೊಂಡು ಅಮೆರಿಕದ ಹೀತ್ ಕಂಪನಿಯು 1947ರಲ್ಲಿ ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ಆಸಿಲೋಸ್ಕೋಪಿನ ಕಿಟ್ಟನ್ನು 39.50 ಡಾಲರಿಗೆ ಮಾರಿತು. ಟೋಕಿಯೋವಿನ ಅಕಿಹಾಬಾರದಲ್ಲಿ ಬೀದಿಬದಿಯ ರೇಡಿಯೋ ವ್ಯಾಪಾರಿಗಳು ರೈಲುಮಾರ್ಗದ ಕಮಾನುಗಳ ಕೆಳಗೆ ಗೂಡಂಗಡಿಗಳನ್ನಿಟ್ಟು ನೆಲೆಗೊಂಡದ್ದೂ ಆ ದಶಕದ ಕೊನೆಯಲ್ಲಿಯೇ. ಬೆಂಗಳೂರಿನಲ್ಲಿ 1948ರಲ್ಲಿ ದೂರವಾಣಿಗಳನ್ನು ತಯಾರಿಸುವ ಐಟಿಐ, 1954ರಲ್ಲಿ ಸೇನೆಯ ಇಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಬಿಇಎಲ್ ಸ್ಥಾಪಿತವಾಗಿ, ಬೆಸುಗೆ ಬಲ್ಲ ಕೈಗಳು ಊರಿನಲ್ಲಿ ಹೆಚ್ಚುತ್ತಾ ಬಂದುವು. ಬಿಡಿಭಾಗ ಬೇಕಾದವನಿಗೆ ಎಸ್.ಪಿ. ರಸ್ತೆ ದಾರಿಯಾಯಿತು. ಅಲ್ಲಿನ ಇಕ್ಕಟ್ಟಾದ ಅಂಗಡಿಗಳಲ್ಲಿ ರೆಸಿಸ್ಟರು ಕೆಪಾಸಿಟರುಗಳೊಡನೆ ವಿದ್ಯಾರ್ಥಿಯು ಮನೆಗೆ ಒಯ್ಯುತ್ತಿದ್ದುದು 25 ವಾಟಿನ ಸಾದಾ ಐರನ್ನು, ಒಂದು ಸುರುಳಿ ಲೆಡ್ಡು (ಬೆಸುಗೆಯ ತಂತಿ), ಒಂದು ಡಬ್ಬಿ ಪೇಸ್ಟು. ನಿಯಂತ್ರಣವಿಲ್ಲದ ಆ ಬಡ ಐರನ್ನಿನಿಂದಲೇ ಎಷ್ಟೋ ಮಂದಿ ಇಂಜಿನಿಯರುಗಳ ವಿದ್ಯಾಭ್ಯಾಸ ಆರಂಭವಾಯಿತೆಂಬುದನ್ನು ನೆನೆದಾಗ ಅದನ್ನು ಹಳಿಯಲು ನನಗೆ ಮನಸ್ಸು ಬಾರದು.

ಕಾವಿನ ನಿಯಂತ್ರಣವನ್ನು ಅಗ್ಗವಾಗಿಸಿದ ಶ್ರೇಯಸ್ಸು ಬಹುಮಟ್ಟಿಗೆ ಪೂರ್ವದೇಶಗಳದು. 1952ರಲ್ಲಿ ಒಸಾಕಾದಲ್ಲಿ ಆರಂಭವಾದ ಹಾಕೋ ಸಂಸ್ಥೆಯ 936 ಎಂಬ ಸ್ಟೇಷನ್ನು, ಪಿಂಗಾಣಿಯ ಹೀಟರಿನೊಳಗೇ ಉಷ್ಣಮಾಪಕವನ್ನು ಅಡಗಿಸಿ, ಒಂದೇ ಗುಂಡಿಯಿಂದ ಬೇಕಾದ ಕಾವನ್ನು ನಿಗದಿಪಡಿಸುವ ಸೌಕರ್ಯವನ್ನು ಒದಗಿಸಿತು. ಅದರ ರಚನೆ ಸರಳವಾಗಿದ್ದುದರಿಂದ ಚೀನಾದಲ್ಲಿ ಅದರ ಪ್ರತಿಕೃತಿಗಳು ಲೆಕ್ಕವಿಲ್ಲದಷ್ಟು ಹುಟ್ಟಿಕೊಂಡು, ಮೂಲದ ಬೆಲೆಯ ಅಲ್ಪಭಾಗಕ್ಕೆ ಜಗತ್ತಿನ ಪೇಟೆಗಳನ್ನೆಲ್ಲ ತುಂಬಿದುವು. ಆದರೆ ಈ ಮಾದರಿಯಲ್ಲಿ ಹೀಟರು ಬೇರೆ, ಅದರ ಮೇಲೆ ತೊಡಿಸುವ ಟೊಳ್ಳಾದ ಟಿಪ್ ಬೇರೆ. ಇವೆರಡರ ನಡುವಣ ಗಾಳಿಯ ತೆರಪು ಶಾಖಕ್ಕೆ ತಡೆಯಾಗುವುದರಿಂದ, ತುದಿ ತಣ್ಣಗಾದ ಸಮಾಚಾರ ಮಾಪಕಕ್ಕೆ ತಡವಾಗಿ ಮುಟ್ಟುವುದು. ಹಾಕೋವಿನವರೇ ಹೀಟರು, ಮಾಪಕ, ಟಿಪ್ ಮೂರನ್ನೂ ಒಂದೇ ಅವಯವವಾಗಿ ಮಾಡಿದ ಟಿ12 ಜಾತಿಯ ಟಿಪ್ಪುಗಳಿಂದ ಈ ನ್ಯೂನತೆ ನೀಗಿತು. ಇದೇ ತತ್ತ್ವವನ್ನು ಅನುಸರಿಸಿದ ಟಿಎಸ್100, 2020ರಲ್ಲಿ ಬಂದ ಪೈನ್‌ಸಿಲ್ ಮುಂತಾದ ಲೇಖನಿಯಷ್ಟು ಚಿಕ್ಕ ಐರನ್ನುಗಳು ಸ್ಟೇಷನ್ನಿನ ಪೆಟ್ಟಿಗೆಯನ್ನೇ ಅನಾವಶ್ಯಕವಾಗಿಸಿದುವು.

ಇನ್ನು ಕೊಳ್ಳುವವನ ವಿಚಾರ. ಎಷ್ಟು ವಾಟು ಎಂಬ ಪ್ರಶ್ನೆಗಿಂತ, ತುದಿಯು ಕೆಲಸದ ನಡುವೆ ತನ್ನ ಕಾವನ್ನು ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಮುಖ್ಯವಾದುದು. ತೆಳುವಾದ ಕಾವಲಿಯ ಮೇಲೆ ಹಿಟ್ಟು ಹುಯ್ದೊಡನೆ ಬಿಸಿ ಆರಿ ದೋಸೆ ಏಳದಂತೆ, ಸೂಜಿಯಂಥ ಮೊನಚಾದ ಟಿಪ್ ದಪ್ಪ ತಂತಿಗೆ ತಾಗಿದೊಡನೆ ಕಾವನ್ನು ಕಳೆದುಕೊಳ್ಳುವುದು. ಹೊಸಬರು ಮೊನಚಾದುದನ್ನೇ ಬಯಸುವರು. ಎರಡು ಮೂರು ಮಿಲಿಮೀಟರ್ ಅಗಲದ ಉಳಿಯಾಕಾರದ ಟಿಪ್ ಬಹುಪಾಲು ಕೆಲಸಗಳಿಗೆ ಉತ್ತಮ. ಕಾವು ಸಾಲದೆಂದು ಗುಂಡಿಯನ್ನು ಮೇಲೆ ಮೇಲೆ ತಿರುಗಿಸುವುದು ಟಿಪ್ಪಿನ ಕಬ್ಬಿಣದ ಲೇಪವನ್ನು ಸುಡುವ ಮಾರ್ಗ. ಆ ಲೇಪ ತೂತಾದ ಮೇಲೆ ಒಳಗಿನ ತಾಮ್ರವು ಕರಗಿದ ತವರದಲ್ಲಿ ಲೀನವಾಗುತ್ತಾ ಹೋಗುವುದು. ಲೆಡ್ಡಿನ ವಿಷಯದಲ್ಲಿಯೂ ವಿವೇಚನೆ ಬೇಕು. ಯೂರೋಪಿನಲ್ಲಿ 2006ರ ಜುಲೈ 1ರಿಂದ ಮಾರಾಟಕ್ಕೆ ಬರುವ ಹೊಸ ಇಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸದ ಬಳಕೆ ಬಹುಮಟ್ಟಿಗೆ ನಿಷಿದ್ಧವಾಗಿ, 217 ಡಿಗ್ರಿಯಲ್ಲಿ ಕರಗತೊಡಗುವ ತವರ, ಬೆಳ್ಳಿ, ತಾಮ್ರಗಳ ಮಿಶ್ರಣ ಪ್ರಚಾರಕ್ಕೆ ಬಂದಿತು. ಆದರೆ ಕಲಿಯುವ ಕೈಗೆ, 183 ಡಿಗ್ರಿಯಲ್ಲಿ ಥಟ್ಟನೆ ಕರಗಿ ಥಟ್ಟನೆ ಘನವಾಗುವ 63 ಪಾಲು ತವರ, 37 ಪಾಲು ಸೀಸದ ತಂತಿಯೇ ಸುಲಭಸಾಧ್ಯವಾದುದು. ಬೆಸುಗೆಯ ಕಾವಿಗೆ ಸೀಸ ಆವಿಯಾಗದು; ಏಳುವ ಹೊಗೆ ರಾಳದ್ದು, ಅದೂ ಶ್ವಾಸಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು; ಊಟಕ್ಕೆ ಕೂರುವ ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು.

ಕಟರು, ಚಿಮಟ, ಸ್ಟ್ಯಾಂಡು ಇವುಗಳಲ್ಲಿ ಮಿತವ್ಯಯ ಮಾಡಬಹುದು. ಐರನ್ನಿನಲ್ಲಿಯೂ ಮಲ್ಟಿಮೀಟರಿನಲ್ಲಿಯೂ ಮಾಡಲಾಗದು. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿ, ಹಲವು ಮೀಟರುಗಳನ್ನು ಹೊತ್ತು ತಿರುಗುವ ಕಷ್ಟದಿಂದ ಪಾರಾಗಲು ರೂಪಿಸಿದ, 1923ರಲ್ಲಿ ಆವೋ ಎಂಬ ಹೆಸರಿನಿಂದ ಪೇಟೆಗೆ ಬಂದ ಆ ಬಹುಮಾಪಕದ ವಂಶಜರು ಇಂದು ಸುಲಭವಾಗಿ ದೊರೆಯುತ್ತಾರಷ್ಟೆ. ಅಗ್ಗದ ಸ್ಟೇಷನ್ನನ್ನು ಕೊಂಡವನು ಮೊದಲು ಮಾಡಬೇಕಾದ ಪರೀಕ್ಷೆಗೆ ಅಂಥದೊಂದು ಬೇಕೇ ಬೇಕು: ಕೆಲವು ಪ್ರತಿಕೃತಿಗಳಲ್ಲಿ ಅರ್ಥಿನ ತಂತಿಯನ್ನು ಹೆಸರಿಗೆ ಮಾತ್ರ ಇಟ್ಟು ಟಿಪ್ಪಿಗೆ ಕೂಡಿಸಿರುವುದಿಲ್ಲ, ಹಾಗಾದಲ್ಲಿ ತುದಿಗೆ ಸೋರುವ ವಿದ್ಯುತ್ತು ಸೂಕ್ಷ್ಮವಾದ ಐಸಿಗಳನ್ನು ಸದ್ದಿಲ್ಲದೆ ಕೊಲ್ಲುವುದು, ಹೀಟರಿನ ಅವಾಹಕ ಹೊದಿಕೆ ಕೆಟ್ಟರೆ ಹಿಡಿದವನಿಗೂ ಅಪಾಯ ತರುವುದು. ಪ್ಲಗ್ಗನ್ನು ಸಾಕೆಟ್ಟಿಗೆ ಹಾಕುವುದಕ್ಕೆ ಮುನ್ನವೇ, ಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ಅರ್ಥಿನ ದಪ್ಪ ಪಿನ್ನಿಗೂ ಇನ್ನೊಂದನ್ನು ಟಿಪ್ಪಿಗೂ ಮುಟ್ಟಿಸಿ ಓಮ್ ಎಷ್ಟೆಂದು ನೋಡಬೇಕು. ಒಂದೆರಡು ಓಮಿನೊಳಗೆ ನಿಂತರೆ ಕೆಲಸಕ್ಕೆ ಹಚ್ಚಬಹುದು, ಇಲ್ಲವಾದರೆ ಮಾರಿದವನಿಗೆ ಅಂದೇ ಹಿಂದಿರುಗಿಸತಕ್ಕದ್ದು.